ಅರ್ಧ ಕತೆಗೆ ಸಿಕ್ಕ ಆನರ್ಸ್

ಅಪರಾಧಶಾಸ್ತ್ರ ವಿಭಾಗದ ಆನರ್ಸ್ ಸಮಿತಿಯ ಅಧ್ಯಕ್ಷರಿಗೆ, ಎಲ್ಲರೂ ಓದಲೆಂದು ಬರೆದ ಪತ್ರ

ಮಾನ್ಯರೇ,

ನನ್ನನ್ನು ಆನರ್ಸ್‌ಗೆ ಆಯ್ಕೆ ಮಾಡಿದ್ದೀರಿ, ಕೃತಜ್ಞಳು. ಆದರೆ ಆ ಆಯ್ಕೆಗೆ ನೀವು ಆಧಾರ ಮಾಡಿಕೊಂಡದ್ದು ನನ್ನ ಚಿಕ್ಕಜ್ಜ ಹೇಳಿದ ಒಂದು ಕತೆಯ ಮೊದಲರ್ಧವನ್ನು. ಅದನ್ನು ಕೊಲೆಯ ತಪ್ಪೊಪ್ಪಿಗೆ ಎಂದು ಓದಿ ಪೊಲೀಸರಿಗೆ ಕಳಿಸಿದ್ದೀರಿ. ಉಳಿದರ್ಧ ನಿಮ್ಮ ಕೋಣೆಯ ಬೀರುವಿನಲ್ಲಿ ಬೀಗದೊಳಗೆ ಇದೆ. ಬರುವ ಸೋಮವಾರ ಆ ಮುದುಕ ಠಾಣೆಗೆ ಹೋಗಿ, ತನ್ನ ಒಡಹುಟ್ಟಿದ ಅಣ್ಣನನ್ನು ಬಾವಿಗೆ ತಳ್ಳಿದೆ ಎಂಬ ಹೇಳಿಕೆಗೆ ಸಹಿ ಹಾಕಲಿದ್ದಾನೆ. ಯಾರೂ ಅವನನ್ನು ಹೊಡೆದಿಲ್ಲ, ಬೆದರಿಸಿಲ್ಲ. ಚಹಾ ಕೊಟ್ಟಿದ್ದಾರೆ, ಬಿಸ್ಕತ್ತು ಕೊಟ್ಟಿದ್ದಾರೆ. ಹೊಡೆದಿದ್ದರೆ ನಾನು ವಕೀಲರ ಹತ್ತಿರ ಹೋಗುತ್ತಿದ್ದೆ. ಹೊಡೆಯದೆ ಇರುವುದರಿಂದ ನಿಮಗೆ ಬರೆಯುತ್ತಿದ್ದೇನೆ.

(ಚಿಕ್ಕಜ್ಜನನ್ನು ‘ಅವನು’ ಎಂದು ಬರೆದಿದ್ದೇನೆ. ನಮ್ಮಲ್ಲಿ ಹತ್ತಿರದವರನ್ನು ಕರೆಯುವುದು ಹಾಗೆಯೇ. ನಿಮ್ಮ ಸಮಿತಿ ಇದನ್ನೂ ಕುಟುಂಬದೊಳಗಿನ ಹಗೆತನದ ಪುರಾವೆ ಎಂದು ಕಡತಕ್ಕೆ ಸೇರಿಸದಿರಲಿ.)

ಚಿಕ್ಕಜ್ಜ ಎಂದರೆ ನನ್ನ ತಾಯಿಯ ಚಿಕ್ಕಪ್ಪ, ಸತ್ತುಹೋದ ನನ್ನ ಅಜ್ಜನ ತಮ್ಮ; ನಾನು ಅವನನ್ನು ಅಜ್ಜ ಎಂದೇ ಕರೆಯುತ್ತೇನೆ. ಸಾಣೆ ಹಿಡಿಯುವವನು. ಚಕ್ರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಚಾಕು, ಕತ್ತರಿ, ಕುಡುಗೋಲು ಹರಿತ ಮಾಡಿ ಬದುಕಿದವನು. ಕಾದು ನಿಂತವರಿಗೆ ಬೇಸರ ಬಾರದಿರಲೆಂದು ಚಕ್ರ ತುಳಿಯುತ್ತಲೇ ಕತೆ ಹೇಳುತ್ತಿದ್ದ. ಕತೆಗೆ ರುಚಿ ಹತ್ತಿದರೆ ಹೆಂಗಸರು ಒಳಗೆ ಓಡಿ ಇನ್ನೊಂದು ಮೊಂಡು ಚಾಕು ಹುಡುಕಿ ತರುತ್ತಿದ್ದರಂತೆ. ಚಾಕು ಮುಗಿದರೆ ಪಕ್ಕದ ಮನೆಯದು. ನಮ್ಮೂರಿನಲ್ಲಿ ಮೊಂಡು ಚಾಕು ಎಂಬುದು ಒಂದು ಕಾಲದಲ್ಲಿ ಸಿಗದೇ ಹೋಗಿತ್ತು ಎಂದು ಅಮ್ಮ ನಗುತ್ತಿದ್ದಳು. ಈಗ ಅಮ್ಮ ಆ ಮಾತು ಆಡುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅವನ ಕತೆಯ ಪದ್ಧತಿ ನಿಮಗೆ ತಿಳಿದಿರಬೇಕಿತ್ತು, ತಿಳಿಸಲು ನಾನು ಪ್ರಯತ್ನಪಟ್ಟೆ, ನೀವು ಗಡಿಯಾರ ನೋಡಿದಿರಿ. ಅವನು ‘ಒಂದೂರಿನಲ್ಲಿ ಒಬ್ಬ ಕಳ್ಳನಿದ್ದ’ ಎಂದು ಹೇಳುವವನಲ್ಲ. ‘ನಾನು ಕಳ್ಳ’ ಎಂದೇ ಶುರು. ಕಳ್ಳನ ಸರದಿಯಲ್ಲಿ ಕಳ್ಳ, ಕಾವಲುಗಾರನ ಸರದಿಯಲ್ಲಿ ಕಾವಲುಗಾರ. ಸೊಸೆಯ ಸರದಿ ಬಂದರೆ ಸೊಂಟದ ಮೇಲೆ ಕೈಯಿಟ್ಟು, ‘ನನಗೆ ಆಗ ತಿಂಗಳು ತುಂಬಿತ್ತು, ಬಗ್ಗೋಕೆ ಆಗ್ತಿರಲಿಲ್ಲ’ ಎನ್ನುತ್ತಾನೆ. ಒಮ್ಮೆ ಇಡೀ ಮಧ್ಯಾಹ್ನ ನರಿಯಾಗಿದ್ದ. ಆ ಕತೆಗಳು ನಿಮ್ಮ ಕೈಗೆ ಸಿಕ್ಕಿದ್ದರೆ ಅವನನ್ನು ಹೆರಿಗೆ ವಾರ್ಡಿಗೋ ಮೃಗಾಲಯಕ್ಕೋ ಕಳಿಸುತ್ತಿದ್ದಿರೇನೋ. ಅವನ ದುರದೃಷ್ಟ, ನಿಮಗೆ ಸಿಕ್ಕಿದ್ದು ಕೊಲೆಗಾರನ ಕತೆ.

ಇನ್ನೊಂದು ಸಂಗತಿ. ಕೇಳುವವರು ‘ಹೂಂ’ ಅನ್ನಬೇಕು. ಮಾತಿನ ಪ್ರತಿ ತಿರುವಿನಲ್ಲೂ ಅನ್ನಬೇಕು. ಒಪ್ಪಿದೆ ಎಂದಲ್ಲ, ನಂಬಿದೆ ಎಂದಲ್ಲ. ಇಲ್ಲೇ ಇದ್ದೇನೆ, ನಿದ್ದೆ ಹೋಗಿಲ್ಲ, ಮುಂದೆ ಹೇಳು ಎಂದು. ನರಿ ಮಾತಾಡಿತು ಎಂದರೂ ಹೂಂ, ಸತ್ತವನು ಎದ್ದು ಬಂದ ಎಂದರೂ ಹೂಂ. ಆ ಸದ್ದು ನಿಂತರೆ ಅಜ್ಜನೂ ನಿಲ್ಲುತ್ತಾನೆ. ನಾನು ಮಾತು ಕಲಿಯುವ ಮೊದಲೇ ಹೂಂಗುಟ್ಟುವುದನ್ನು ಕಲಿತವಳು. ನನ್ನ ವಿದ್ಯಾಭ್ಯಾಸ ಅಲ್ಲಿಂದ ಆರಂಭ.

ಮೂರನೇ ವರ್ಷಕ್ಕೆ ಬಂದಾಗ ಆನರ್ಸ್‌ಗೆ ಅರ್ಜಿ ಹಾಕಿದೆ. ಇಡೀ ತರಗತಿಯಲ್ಲಿ ಕೆಲವೇ ಮಂದಿಗೆ ಸಿಗುವ ಅವಕಾಶ. ಸ್ವಂತ ಸಂಶೋಧನೆ ಮಾಡಬಹುದು, ಗ್ರಂಥಾಲಯದ ಒಳಕೋಣೆಗೆ ಹೋಗಬಹುದು, ಹೆಸರಿನ ಮುಂದೆ ಒಂದು ಪದ ಹೆಚ್ಚು ಬರುತ್ತದೆ. ಸೇರುವುದಕ್ಕೆ ಒಂದು ಸಂದರ್ಶನವನ್ನು ಧ್ವನಿಮುದ್ರಿಸಿ ತರಬೇಕೆಂದು ನಿಯಮ. ನನಗೆ ಹೊಳೆದದ್ದು ಇದು: ಕತೆಯಲ್ಲಿ ಕೊಲೆಗಾರ ‘ನಾನು’ ಎಂದು ಮಾತಾಡಿದಾಗ ಕೇಳುವವರು ಅವನನ್ನು ಹೇಗೆ ಅಳೆಯುತ್ತಾರೆ? ಈಗಲೂ ಒಳ್ಳೆಯ ಪ್ರಶ್ನೆ ಎಂದೇ ನನ್ನ ಎಣಿಕೆ. ನನ್ನ ಮಾರ್ಗದರ್ಶಕರು, ನಿಮ್ಮ ವಿಭಾಗದ ಕಿರಿಯ ಉಪನ್ಯಾಸಕರು, ಒಳ್ಳೆಯವರೇ, ಪೆನ್ನಿನ ತುದಿ ಕಚ್ಚುತ್ತ ಹೇಳಿದರು: “ಕತೆ ಅಂದ್ರೆ ಸಮಿತಿಯವರು ಸಾಹಿತ್ಯ ವಿಭಾಗಕ್ಕೆ ಹೋಗು ಅಂತಾರಮ್ಮ. ನೆನಪು ಅನ್ನು. ‘ಗ್ರಾಮೀಣ ಹಿರಿಯರ ಅಪರಾಧ ನೆನಪುಗಳು’. ತೂಕ ಬರುತ್ತೆ.”

“ಸರ್, ಇದು ನೆನಪಲ್ಲ.”

“ಶೀರ್ಷಿಕೆ ಅಷ್ಟೇ ಅಲ್ವೇನಮ್ಮ? ಒಳಗಡೆ ನಿನಗೆ ಬೇಕಾದ್ದು ಬರ್ಕೋ.”

ತೂಕ ಬಂತು, ಮಾನ್ಯರೇ. ಆ ತೂಕದ ಕೆಳಗೆ ಈಗ ಒಬ್ಬ ಮುದುಕ ಸಿಕ್ಕಿಕೊಂಡಿದ್ದಾನೆ.

ವಿಭಾಗದ ರೆಕಾರ್ಡರನ್ನು ಅಜ್ಜನ ಮುಂದಿಟ್ಟ ದಿನ ಅವನು ಹೊಸ ಅಂಗಿ ಹಾಕಿಕೊಂಡ. “ಇದರೊಳಗೆ ಎಷ್ಟು ಜನ ಕೂತಿದ್ದಾರೆ?” ಎಂದು ಕೇಳಿದ. ದೊಡ್ಡ ದೊಡ್ಡವರು ಕೇಳುತ್ತಾರೆ ಎಂದೆ. “ಹಂಗಾದ್ರೆ ಕೋಟಿನ ಕತೆ ಹೇಳ್ತೀನಿ. ನೀನು ಮಾತ್ರ ನಡುವೆ ಆಕಳಿಸಬೇಡ” ಎಂದ.

ಕೋಟಿನ ಕತೆ ಹೀಗಿದೆ. ಅಣ್ಣತಮ್ಮ ಇಬ್ಬರು, ಇರುವುದೊಂದೇ ಕೋಟು. ಹೊರಗೆ ವಿಪರೀತ ಚಳಿ. ಕೋಟು ಹಾಕಿಕೊಂಡವನು ಹೊರಗೆ ಹೋಗಬೇಕು, ಇನ್ನೊಬ್ಬ ಒಲೆಯ ಮುಂದೆ ಕೂರಬೇಕು. ಅವನು ಬಂದ ಮೇಲೆ ಇವನ ಸರದಿ. ಬರುಬರುತ್ತ ಅಣ್ಣ ಹೊರಗೇ ಹೆಚ್ಚು ಹೊತ್ತು ಉಳಿಯತೊಡಗಿದ. ಊರಿಗೆಲ್ಲ ಅಣ್ಣನೇ ಗೊತ್ತು, ತಮ್ಮ ಒಬ್ಬನಿದ್ದಾನೆಂದು ಜನಕ್ಕೆ ಮರೆತೇಹೋಯಿತು. ಇನ್ನು ಅಜ್ಜನ ಮಾತಿನಲ್ಲೇ ಕೇಳಿ. ನಿಮ್ಮ ಕಡತದಲ್ಲೂ ಇದೇ ಇದೆ:

“ಅಣ್ಣ ಬಾವಿಕಟ್ಟೆ ಮೇಲೆ ಕೋಟು ಬಿಚ್ಚಿಟ್ಟು ನೀರು ಸೇದೋಕೆ ಬಗ್ಗಿದ. ಕೋಟಿಲ್ಲದ ಅವನ ಬೆನ್ನು ನೋಡಿ ಎಷ್ಟು ಕಾಲ ಆಗಿತ್ತು! ನನ್ನ ಬೆನ್ನಿನ ಹಂಗೇ ಇತ್ತು. ನಾನು ಕೈ ಇಟ್ಟೆ. ಮೆತ್ತಗೆ. ಧೂಳು ಕೊಡವಿದ ಹಂಗೆ. ಆಮೇಲೆ ಕೋಟು ಹಾಕ್ಕೊಂಡೆ. ಇನ್ನೂ ಬೆಚ್ಚಗಿತ್ತು. ಬೀದಿಗೆ ಬಂದ್ರೆ ಎಲ್ಲಾರೂ ಅಣ್ಣನ ಹೆಸರು ಹಿಡಿದು ಕೂಗಿದ್ರು. ನಾನು ಓ ಅಂದೆ.”

ನಿಮ್ಮ ಕಡತ ಇಲ್ಲಿಗೆ ಮುಗಿಯುತ್ತದೆ. ಕತೆ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಅಜ್ಜ ಅಣ್ಣನಾಗುತ್ತಾನೆ: “ನಾನು ಬಾವಿಯಿಂದ ಎದ್ದು ಬಂದೆ. ಮೈಯೆಲ್ಲ ನೀರು. ಕೋಟಿಲ್ಲದವನು ಮನೇಲಿರಬೇಕು ಅಂತ ಮಾತಾಗಿತ್ತಲ್ಲ, ಹಂಗಾಗಿ ಒಲೆ ಮುಂದೆ ಹೋಗಿ ಕೂತೆ.” ತಮ್ಮ ಮನೆಗೆ ಬಂದು ಬಾಗಿಲು ತೆಗೆದಾಗ ಒಲೆಯ ಮುಂದಿನವನು ತಿರುಗದೆಯೇ ಹೇಳುತ್ತಾನೆ: “ಬಂದ್ಯಾ? ಬಿಚ್ಚು. ಈಗ ನನ್ನ ಸರದಿ.” ತಮ್ಮ ಗುಂಡಿ ಬಿಚ್ಚುತ್ತಾನೆ, ಕೋಟು ಬಿಚ್ಚುತ್ತಾನೆ. ಕೋಟಿನ ಒಳಗೆ ಯಾರೂ ಇರುವುದಿಲ್ಲ.

ಈಗ ನನ್ನ ಪ್ರಶ್ನೆ. ಮೊದಲರ್ಧದ ‘ನಾನು’ ಕೊಲೆಗಾರನ ತಪ್ಪೊಪ್ಪಿಗೆಯಾದರೆ, ಎರಡನೆಯರ್ಧದ ‘ನಾನು’ ಏನು? ಹೆಣದ ಸಾಕ್ಷ್ಯವೇ? ಕೊಂದವನೂ ಅವನೇ, ಸತ್ತವನೂ ಅವನೇ ಆದರೆ ನಿಮ್ಮ ಶಾಸ್ತ್ರ ಅದನ್ನು ಯಾವ ಅಧ್ಯಾಯದಲ್ಲಿ ಇಡುತ್ತದೆ? ಇದನ್ನೇ ನಾನು ನಿಮ್ಮ ಕೋಣೆಯಲ್ಲಿ ಕೇಳಿದಾಗ ನೀವು ಹೇಳಿದ್ದು, “ಪ್ರಸ್ತುತವಾದ ಭಾಗವನ್ನಷ್ಟೇ ಬರಹಕ್ಕಿಳಿಸಿದ್ದೇವೆ.” ಪ್ರಸ್ತುತ! ಮನುಷ್ಯನನ್ನು ಸೊಂಟದವರೆಗೆ ಅಳೆದು ಕುಳ್ಳ ಎಂದು ಬರೆದುಕೊಂಡ ಹಾಗಾಯಿತು.

ಆಯ್ಕೆ ಸಮಿತಿಯ ಮುಂದೆ ನಾನು ಕೂತ ದಿನ ನಿಮಗೆ ನೆನಪಿರಬಹುದು. ಉದ್ದನೆಯ ಮೇಜು, ಗೋಡೆಯ ಏಸಿಯಿಂದ ಹನಿ ಬೀಳುತ್ತಿದ್ದ ಬಕೆಟ್ಟು, ನಿಮ್ಮ ಎಡಕ್ಕೆ ಪೊಲೀಸ್ ಇಲಾಖೆಯಿಂದ ಬಂದಿದ್ದ ಒಬ್ಬ ಅತಿಥಿ. ಈ ವರ್ಷದಿಂದ ಇಲಾಖೆಯೊಡನೆ ಸಹಯೋಗ ಎಂದಿರಿ. ಸಂದರ್ಶನಗಳಲ್ಲಿ ದಾಖಲಾಗದ ಸಾವುಗಳ ಸುಳಿವು ಸಿಕ್ಕರೆ ಅವರಿಗೆ ತಿಳಿಸಬೇಕೆಂದು ಹೊಸ ನಿಯಮ ಎಂದೂ ಹೇಳಿದಿರಿ. ನಾನು ತಲೆಯಾಡಿಸಿದೆ; ನನ್ನ ಹತ್ತಿರ ಇದ್ದದ್ದು ಕತೆಯಲ್ಲವೇ? ಆಮೇಲೆ ಅತಿಥಿ ನಗುತ್ತ ಕೇಳಿದರು: “ಹಳ್ಳಿ ಹಿರಿಯರು ಸುಲಭಕ್ಕೆ ಬಾಯಿ ಬಿಡಲ್ಲ. ಇಷ್ಟು ಹೊತ್ತು ಹೇಗಮ್ಮ ಮಾತಾಡಿಸಿದೆ?”

“ಸುಮ್ಮನೆ ಹೂಂ ಅಂತಿರಬೇಕು ಸರ್, ಅಷ್ಟೇ. ಹೂಂ ಅಂದ್ರೆ ಅಜ್ಜ ಸಾಯಂಕಾಲದವರೆಗೂ ಹೇಳ್ತಾನೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತಿಥಿ ಮಾತ್ರ ಬೇಗ ನಗು ನಿಲ್ಲಿಸಿದರು.

ಆಯ್ಕೆ ಪಟ್ಟಿಯಲ್ಲಿ ನನ್ನದು ಮೊದಲ ಹೆಸರು. ಮನೆಯಲ್ಲಿ ಅಮ್ಮ ಎಲ್ಲರಿಗೂ ಸಿಹಿ ಹಂಚಿದಳು. ಅಜ್ಜ ಬೀದಿಯವರಿಗೆಲ್ಲ ಹೇಳಿಕೊಂಡು ಬಂದ: “ನಾನು ಹೇಳಿದ ಕತೆಗೆ ನಮ್ಮ ಹುಡುಗಿ ಪಾಸಾದ್ಲು.” ಆ ವಾರ ಕಳೆಯುವುದರೊಳಗೆ ಜೀಪು ಬಂತು.

ಅವರು ಮನೆಯಲ್ಲಿ ಹುಡುಕಿದರು, ಒಂದು ಚೀಲ ಚಾಕು ಸಿಕ್ಕಿತು. ಸಾಣೆ ಹಿಡಿಯುವವನ ಮನೆಯಲ್ಲಿ ಚಾಕು ಸಿಗದೆ ವೀಣೆ ಸಿಗುತ್ತದೆಯೇ? ಅಷ್ಟೂ ಬೀದಿಯವರದು, ಹರಿತಕ್ಕೆ ಕೊಟ್ಟದ್ದು. ಪೇದೆ ಒಂದೊಂದನ್ನೇ ಎತ್ತಿ ಹಿಡಿದು ಕೇಳಿದ, ಬಾಗಿಲಲ್ಲಿ ನಿಂತ ನೆರೆಯವರು “ಅದು ನಮ್ಮ ಈರುಳ್ಳಿ ಚಾಕು ಸಾರ್” ಎಂದು ಗುರುತು ಹೇಳಿದರು. ಟೈಲರ್ ಮಾತ್ರ ತನ್ನ ಕತ್ತರಿ ತನ್ನದಲ್ಲ ಎಂದುಬಿಟ್ಟ. ಮೂವತ್ತು ವರ್ಷ ಅಜ್ಜನ ಕೈಯಲ್ಲೇ ಹರಿತವಾದ ಕತ್ತರಿ. ಹೆದರಿಕೆ ಒಂದು ಬೀದಿಯೊಳಗೆ ಹೇಗೆ ಕಾಲಿಡುತ್ತದೆ ಎಂದು ನಿಮ್ಮ ಪಠ್ಯಪುಸ್ತಕದಲ್ಲಿ ಓದಿದ್ದೆ. ಅವತ್ತು ಕಂಡೆ.

ತನಿಖಾಧಿಕಾರಿ ಅಮ್ಮನನ್ನು ಕೇಳಿದರು: “ನಿಮ್ಮ ತಂದೆ ಹೇಗೆ ತೀರಿಕೊಂಡ್ರು?”

“ಜ್ವರ ಬಂದು.”

“ಎಲ್ಲಿ?”

“ಕೆಲಸಕ್ಕೆ ಅಂತ ದೂರ ಹೋಗಿದ್ರು. ಅಲ್ಲೇ.”

“ನೀವು ಮುಖ ನೋಡಿದ್ರಾ?”

“ಇಲ್ಲ. ನಾನು ಚಿಕ್ಕವಳು. ಮಣ್ಣು ಮಾಡಿಬಿಟ್ಟಿದ್ರು.”

“ಜೊತೇಲಿ ಯಾರಿದ್ರು?”

ಅಮ್ಮ ಒಳಬಾಗಿಲಿನ ಕಡೆ ತಿರುಗಿದಳು. ಅಲ್ಲಿ ಚಿಕ್ಕಜ್ಜ ಹೊಸ ಅಂಗಿ ಹುಡುಕುತ್ತಿದ್ದ. ಅಧಿಕಾರಿಗಳು ತನ್ನ ಕತೆ ಕೇಳಲು ಬಂದಿದ್ದಾರೆ ಎಂದುಕೊಂಡಿದ್ದ.

ಮರಣಪತ್ರ ಇಲ್ಲ, ಆಸ್ಪತ್ರೆಯ ಚೀಟಿ ಇಲ್ಲ. ಆ ಕಾಲದಲ್ಲಿ ಬಡವರು ಸಾಯುವುದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಹೋದವರು ಇಬ್ಬರು, ಬಂದವನು ಒಬ್ಬ. ಅಣ್ಣನ ಕೋಟು ಹಾಕಿಕೊಂಡೇ ಬಂದ. ಬಡವರ ಮನೆಯಲ್ಲಿ ಸತ್ತವರ ಬಟ್ಟೆಯನ್ನು ಇದ್ದವರು ಉಡುತ್ತಾರೆ, ಅದರಲ್ಲೇನಿದೆ? ಮೊನ್ನೆಯವರೆಗೆ ಏನೂ ಇರಲಿಲ್ಲ.

ನಾನು ಓಡಿ ನಿಮ್ಮಲ್ಲಿಗೆ ಬಂದೆ. ಈ ಕತೆ ಅಜ್ಜನಿಗಿಂತ ಹಳೆಯದು ಎಂದೆ. ಊರಿನ ಸೂಲಗಿತ್ತಿ, ಅಜ್ಜನನ್ನೂ ಅವನ ಅಣ್ಣನನ್ನೂ ಕೈಯಾರೆ ಹಿಡಿದುಕೊಂಡವಳು, ಈಗ ಕಣ್ಣು ಮಂಜಾಗಿ ಮೂಲೆಯಲ್ಲಿ ಕೂತಿರುವವಳು, ತಾನು ಲಂಗ ಹಾಕುವ ಕಾಲದಲ್ಲೇ ಈ ಕತೆ ಕೇಳಿದ್ದೆ ಎಂದು ಹೇಳುತ್ತಾಳೆ, ಬೇಕಾದರೆ ಕರೆತರುತ್ತೇನೆ ಎಂದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ. ನೀವು ಕನ್ನಡಕ ತೆಗೆದು ಒರೆಸಿ, ಬಹಳ ಮೃದುವಾಗಿ ಹೇಳಿದಿರಿ: “ಹಾಗಾದ್ರೆ ಅವರು ಆ ಕತೆ ಕೇಳಿಯೇ ಹಾಗೆ ಮಾಡಿರಬಹುದಲ್ಲವೇ? ಇದು ಇನ್ನೂ ಮುಖ್ಯವಾದ ವಿಷಯ. ನಿನ್ನ ಪ್ರಬಂಧಕ್ಕೆ ಸೇರಿಸು.”

ಮಾನ್ಯರೇ, ಆ ಕ್ಷಣ ನನಗೆ ನಿಜವಾಗಿ ಭಯವಾಯಿತು. ಕತೆ ಹೊಸದಾದರೆ ತಪ್ಪೊಪ್ಪಿಗೆ, ಹಳೆಯದಾದರೆ ಸಂಚು. ಅಜ್ಜ ಸುಮ್ಮನಿದ್ದರೆ ಮುಚ್ಚಿಡುತ್ತಿದ್ದಾನೆ, ಮಾತಾಡಿದರೆ ಒಪ್ಪಿಕೊಂಡಿದ್ದಾನೆ. ನಿಮ್ಮ ಕೋಣೆಗೆ ಬಾಗಿಲು ಒಂದೇ, ಅದು ಒಳಕ್ಕೆ ಮಾತ್ರ ತೆರೆಯುತ್ತದೆ.

ಅವತ್ತೇ ಬರಹಕ್ಕಿಳಿಸಿದ ಪ್ರತಿಯನ್ನು ತೋರಿಸಿದಿರಿ. ಅಸ್ಪಷ್ಟ ಧ್ವನಿಗಳನ್ನು ಅರ್ಥಕ್ಕೆ ತಕ್ಕಂತೆ ಬರೆಯಬೇಕೆಂದು ವಿಭಾಗದ ಕ್ರಮವಂತೆ. ನನ್ನ ಪ್ರತಿ ಹೂಂ ಅಲ್ಲಿ ‘ಹೌದು’ ಆಗಿತ್ತು.

‘ನಾನು ಕೈ ಇಟ್ಟೆ.’ — ‘ಹೌದು.’

‘ಮೆತ್ತಗೆ.’ — ‘ಹೌದು.’

‘ಆಮೇಲೆ ಕೋಟು ಹಾಕ್ಕೊಂಡೆ.’ — ‘ಹೌದು.’

ಓದುತ್ತಿದ್ದಂತೆ ನನಗೇ ಅನ್ನಿಸಿತು, ಈ ಹುಡುಗಿಗೆ ಎಲ್ಲ ಮೊದಲೇ ಗೊತ್ತಿದೆ ಎಂದು. ನಾನು ಹೂಂ ಅಂದದ್ದು ಅಜ್ಜನ ಉಸಿರಿಗೆ ಜೊತೆಯಾಗಿ. ನೀವು ಅದನ್ನು ಸಾಕ್ಷಿಯ ರುಜು ಮಾಡಿದಿರಿ.

ಠಾಣೆಗೆ ನಾನೇ ಅವನ ಜೊತೆ ಹೋದೆ. ಅವನನ್ನು ಒಳಗಿನ ಕೋಣೆಗೆ ಕರೆದರು, ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ತನಿಖಾಧಿಕಾರಿ ಒರಟರಲ್ಲ, ತಂದೆಯ ವಯಸ್ಸಿನವರೆಂದು ಕುರ್ಚಿ ಎಳೆದು ಕೊಟ್ಟರು.

“ಯಜಮಾನ್ರೇ, ಆರಾಮಾಗಿ ಕೂತ್ಕೊಳ್ಳಿ. ನಿಮ್ಮ ಕತೆ ಹೇಳಿ.”

“ಸಾರ್, ಅದು ಕತೆ ಸಾರ್.”

“ಅದೇ ಯಜಮಾನ್ರೇ, ನಿಮ್ಮ ಕತೆಯೇ ಹೇಳಿ ಅಂತಿರೋದು.”

ಅಜ್ಜ ಒಮ್ಮೆ ಹೊರಗೆ ನನ್ನತ್ತ ನೋಡಿದ. ನಮ್ಮ ಭಾಷೆಯಲ್ಲಿ ಬದುಕಿಗೂ ಕಟ್ಟುಕತೆಗೂ ಇರುವುದು ಒಂದೇ ಪದ. ಅದರ ಮೇಲೆ ಅವನು ಜೀವನವಿಡೀ ಕುಣಿದಿದ್ದ, ಅವತ್ತು ಅದೇ ಅವನ ಕಾಲಿಗೆ ತೊಡರಿತು. “ಎಲ್ಲಿಂದ ಶುರು ಮಾಡ್ಲಿ?” ಎಂದ.

“ಕೋಟಿನಿಂದ.”

ಅವನು ಶುರು ಮಾಡಿದ. ಮೊದಲ ಮಾತಿಗೇ ಅಧಿಕಾರಿ ಅಂದರು: “ಹೂಂ.”

ನಾನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ನನ್ನದೇ ಹೂಂ ಅದು. ಅದೇ ಎಳೆತ, ಅದೇ ಬಿಡುವು. ನೀವು ಕಳಿಸಿದ ಅರ್ಧ ರೆಕಾರ್ಡಿಂಗ್ ಕೇಳಿ ಕಲಿತಿದ್ದರು. ಅಜ್ಜನ ಬೆನ್ನು ನೆಟ್ಟಗಾಯಿತು, ಕೈಗಳು ಎದ್ದವು. ಮಾನ್ಯರೇ, ಅವನು ಆ ಕತೆಯನ್ನು ಅವತ್ತಿನಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಪೇದೆಗಳು ಬಂದು ಗೋಡೆಗೆ ಒರಗಿದರು. ಬರೆದುಕೊಳ್ಳುವವನು ಬರೆಯುವುದನ್ನು ಮರೆತ, ಅಧಿಕಾರಿ ಅವನ ಮೊಣಕೈ ತಿವಿದರು. ಧೂಳು ಕೊಡವಿದ ಹಾಗೆ ಎಂದು ಅಜ್ಜ ಗಾಳಿಯಲ್ಲಿ ಕೈ ಇಟ್ಟ. “ಎಲ್ಲಾರೂ ಅಣ್ಣನ ಹೆಸರು ಹಿಡಿದು ಕೂಗಿದ್ರು, ನಾನು ಓ ಅಂದೆ” ಎಂದು ಹೇಳಿ, ಅಣ್ಣನಾಗುವುದಕ್ಕೆ ಒಂದು ಉಸಿರು ಎಳೆದುಕೊಂಡು, ಹೂಂಗಾಗಿ ಕಾದ.

ಹೂಂ ಬರಲಿಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಅಜ್ಜ ಬಾಯಿ ಸ್ವಲ್ಪ ತೆರೆದುಕೊಂಡೇ ಕೂತಿದ್ದ. ನಾನು ಬೆಂಚಿನಿಂದ ಎದ್ದು, “ಹೂಂ ಅಜ್ಜ, ಹೂಂ!” ಎಂದು ಕೂಗಿದೆ. ಪೇದೆ ಬಾಗಿಲು ಮುಚ್ಚಿದ.

ಇಷ್ಟೊಂದು ಸೌಮ್ಯವಾದ ವಿಚಾರಣೆಯ ವಿಧಾನವನ್ನು ಕಂಡುಹಿಡಿದದ್ದಕ್ಕೆ ನಿಮ್ಮ ವಿಭಾಗಕ್ಕೆ ಪ್ರಶಸ್ತಿ ಸಿಗಬೇಕು. ಲಾಠಿ ಬೇಡ, ಕತ್ತಲೆ ಕೋಣೆ ಬೇಡ. ಒಬ್ಬ ಮನುಷ್ಯನಿಗೆ ಯಾವುದು ಪ್ರೀತಿಯ ಸದ್ದೋ ಅದನ್ನು ಕಲಿಯಬೇಕು, ಬೇಕಾದಷ್ಟು ಹೊತ್ತು ಮಾಡಬೇಕು, ಆಮೇಲೆ ನಿಲ್ಲಿಸಬೇಕು.

ಬರೆದುಕೊಂಡದ್ದಕ್ಕೆ ಸೋಮವಾರ ಬಂದು ಸಹಿ ಹಾಕಲಿ ಎಂದು ಅಜ್ಜನನ್ನು ಅವತ್ತೇ ಮನೆಗೆ ಕಳಿಸಿದರು. ಉಳಿದ ಕತೆಯನ್ನು ಅಧಿಕಾರಿಗೆ ನಾನೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ ಅಂದರು: “ನೀನು ಹೇಳಿದ್ರೆ ಆಗಲ್ಲಮ್ಮ. ಕಳಿಸಿದವರು ವಿಭಾಗದವರು. ಇನ್ನೂ ಇದೆ ಅಂತ ಅವರೇ ಕಳಿಸಲಿ.” ನನ್ನ ಬಳಿ ಪ್ರತಿ ಇಲ್ಲ, ಮೂಲ ಧ್ವನಿಮುದ್ರಣ ನಿಮ್ಮ ವಿಭಾಗದಲ್ಲೇ ಇರಬೇಕು, ವಿದ್ಯಾರ್ಥಿ ಪ್ರತಿ ಇಟ್ಟುಕೊಳ್ಳಬಾರದು ಎಂದು ನಿಮ್ಮ ನೀತಿಸಂಹಿತೆ. ನೀತಿಗೆ ಎಷ್ಟು ಒಳ್ಳೆಯ ಬೀಗ! ಬೀರುವಿನ ಧ್ವನಿಮುದ್ರಣಗಳನ್ನು ಕೇಳುವ ಹಕ್ಕು ಯಾರಿಗೆ ಎಂದು ಕೇಳಿದರೆ, ಆನರ್ಸ್‌ಗೆ ಸೇರಿದವರಿಗೆ ಎಂದಿರಿ. ಸರಿ, ಸೇರುತ್ತೇನೆ ಎಂದೆ. ಸೇರುವ ಮುನ್ನ ಒಂದು ಘೋಷಣೆಗೆ ಸಹಿ ಬೇಕು ಎಂದಿರಿ: ‘ನಾನು ಸಲ್ಲಿಸಿದ ಸಂದರ್ಶನದ ಲಿಖಿತ ಪ್ರತಿ ನಿಜ ಮತ್ತು ಪೂರ್ಣ.’

ಅಂದರೆ ಅಜ್ಜನನ್ನು ಬಿಡಿಸುವ ಕೀಲಿ ಸಿಗಬೇಕಾದರೆ ಮೊದಲು ಅವನು ತಪ್ಪಿತಸ್ಥ ಎಂದು ನಾನು ರುಜು ಹಾಕಬೇಕು. ಇದನ್ನು ಯೋಚಿಸಿ ಮಾಡಿದ್ದೀರೋ, ತಾನಾಗಿ ಹೀಗಾಯಿತೋ? ಯೋಚಿಸಿ ಮಾಡಿದ್ದರೆ ನಿಮ್ಮ ಬಗ್ಗೆ ಭಯವಾಗುತ್ತದೆ. ತಾನಾಗಿ ಆಗಿದ್ದರೆ ಇನ್ನೂ ಹೆಚ್ಚು.

“ಸಹಿ ಹಾಕಬೇಡ ಅಜ್ಜ. ಅದು ಕತೆ ಅಂತ ಹೇಳು” ಎಂದು ಮನೆಯಲ್ಲಿ ಎಷ್ಟೋ ಸಲ ಬೇಡಿಕೊಂಡೆ.

“ಹೇಳಿದ್ನಲ್ಲ ಮಗಾ. ಅವರು ಬರೆದಿರೋದೆಲ್ಲ ನಾನು ಹೇಳಿದ್ದೇ. ಹೇಳಿದ ಮಾತನ್ನ ಹೇಳಿಲ್ಲ ಅನ್ನೋಕಾಗುತ್ತಾ? ನಾಳೆ ನನ್ನ ಕತೆ ಯಾರು ಕೇಳ್ತಾರೆ?”

“ಜೈಲಿಗೆ ಹಾಕ್ತಾರೆ ಅಜ್ಜ.”

“ಮಿಕ್ಕಿದ್ದು ಕೇಳದೆ ಹೆಂಗೆ ಹಾಕ್ತಾರೆ? ಮಿಕ್ಕಿದ್ದು ಕೇಳೋಕೆ ಕರೆದೇ ಕರೀತಾರೆ, ನೋಡ್ತಿರು.” ಅವನ ನಂಬಿಕೆ ಅದು. ಅರ್ಧ ಕತೆ ಕೇಳಿ ಎದ್ದು ಹೋಗುವ ಮನುಷ್ಯರನ್ನು ಅವನು ನೋಡಿಲ್ಲ.

ನಿಮ್ಮ ಶಿಕ್ಷಣದ ಫಲ ನನಗೂ ತಟ್ಟಿದೆ. ಮೊನ್ನೆ ಅವನು ಏನೋ ಹೇಳುವಾಗ ಬಾವಿಕಟ್ಟೆ ಎಂಬ ಮಾತು ಬಂತು. ಹಿಂದಿನ ಸಲ ಕಟ್ಟೆ ಎತ್ತರ ಎಂದಿದ್ದನಲ್ಲವೇ, ಈಗ ತಗ್ಗು ಎನ್ನುತ್ತಿದ್ದಾನಲ್ಲ ಎಂದು ನನ್ನ ತಲೆ ತಾನೇ ತಾನಾಗಿ ಗುರುತು ಹಾಕಿಕೊಂಡಿತು. ಹೇಳಿಕೆಗಳಲ್ಲಿನ ವ್ಯತ್ಯಾಸ: ಎರಡನೇ ವರ್ಷದ ಪಾಠ, ನೀವೇ ಮಾಡಿದ್ದು. ನಾನು ಅವನ ತೊಡೆಯ ಮೇಲೆ ಬೆಳೆದವಳು. ಆ ಕತೆಯನ್ನು ಇನ್ನು ಮೇಲೆ ಕತೆಯಾಗಿ ಕೇಳಲಾರೆ.

ಅಮ್ಮನ ಮಾತನ್ನು ಆಮೇಲೆ ಹೇಳುತ್ತೇನೆ ಎಂದಿದ್ದೆ. ಅವಳು ಅಜ್ಜನ ಮುಂದೆ ತಟ್ಟೆ ಇಡುತ್ತಾಳೆ, ನೀರು ಇಡುತ್ತಾಳೆ, ಮುಖ ನೋಡುವುದಿಲ್ಲ. ನಿನ್ನೆ ತಟ್ಟೆ ಇಟ್ಟವಳು ಅಲ್ಲೇ ನಿಂತಳು. ಕೇಳಿದಳು: “ಚಿಕ್ಕಪ್ಪಾ, ಅಪ್ಪ ಕೊನೆಗೆ ಏನಾದ್ರೂ ಅಂದ್ರಾ?”

ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಸಾವಿರ ಸಾವುಗಳನ್ನು ಹೇಳಿದವನು ಅದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಜ್ಜ ಕೈಯ ತುತ್ತನ್ನು ಕೆಳಗಿಟ್ಟ. ಅವನ ಕೈಗಳು ಏಳಲಿಲ್ಲ, ಬೆನ್ನು ನೆಟ್ಟಗಾಗಲಿಲ್ಲ. ಬಹಳ ಸಣ್ಣ ದನಿಯಲ್ಲಿ ಶುರು ಮಾಡಿದ.

“ಅವತ್ತು ನಾನು...”

‘ನಾನು’ ಎಂಬುದು ಕಿವಿಗೆ ಬಿದ್ದದ್ದೇ ಅಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಅಲ್ಲೇ ಇದ್ದೆ. ಹೂಂ ಅನ್ನಬೇಕಿತ್ತು. ಅನ್ನಲಿಲ್ಲ. ಅಮ್ಮನ ಅಪ್ಪ ಹೇಗೆ ತೀರಿಕೊಂಡ ಎಂದು ಬಲ್ಲ ಒಬ್ಬನೇ ಮನುಷ್ಯ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಕಡೆ ತಿರುಗಿ ಮಲಗಿದ.

ಆದ್ದರಿಂದ ನನ್ನ ಬೇಡಿಕೆ ಇದು. ಸೋಮವಾರ ಠಾಣೆಯ ಬಾಗಿಲು ತೆರೆಯುವ ಮೊದಲು ಬೀರುವಿನ ಬೀಗ ತೆಗೆಯಿರಿ. ಇಡೀ ಧ್ವನಿಮುದ್ರಣವನ್ನು, ಕೋಟಿನೊಳಗೆ ಯಾರೂ ಇಲ್ಲ ಎಂಬಲ್ಲಿಯವರೆಗೆ, ತನಿಖಾಧಿಕಾರಿಗೆ ತಲುಪಿಸಿ. ನನ್ನ ಬಾಯಲ್ಲಿ ಇಟ್ಟ ಪ್ರತಿ ‘ಹೌದು’ ಅನ್ನು ಹೊಡೆದು ಹಾಕಿ. ವಿಭಾಗ ಕೇಳಿದ್ದು ಕತೆ, ತಿಳಿದದ್ದು ತಪ್ಪು ಎಂದು ನಿಮ್ಮ ಸಹಿಯೊಡನೆ ಬರೆಯಿರಿ. ಆನರ್ಸ್ ಸೀಟನ್ನು ಬೇರೆ ಯಾರಿಗಾದರೂ ಕೊಡಿ. ನಿಮ್ಮ ಘೋಷಣೆಗೆ ನಾನು ಸಹಿ ಹಾಕುವುದಿಲ್ಲ.

ಇನ್ನೊಂದು ವಿಷಯ ಇವತ್ತು ಬೆಳಿಗ್ಗೆ ತಿಳಿಯಿತು. ನನ್ನ ಸಂದರ್ಶನವನ್ನು ಮಾದರಿಯೆಂದು ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದೀರಂತೆ. ಹೂಂ ಅನ್ನುವುದು ಹೇಗೆ, ಎಲ್ಲಿ ಅನ್ನಬೇಕು, ಎಲ್ಲಿ ಸುಮ್ಮನಾಗಬೇಕು ಎಂದು ಅಭ್ಯಾಸ ಮಾಡಿಸುತ್ತಿದ್ದೀರಂತೆ. ಕಾರಿಡಾರಿನಲ್ಲಿ ನಡೆದು ಬರುವಾಗ ಮುಚ್ಚಿದ ಬಾಗಿಲಿನ ಹಿಂದೆ ಇಡೀ ತರಗತಿ ಒಟ್ಟಿಗೆ ಹೂಂ ಅಂದದ್ದು ನನಗೇ ಕೇಳಿಸಿತು. ನಾಳೆಯಿಂದ ರಜೆ. ಒಬ್ಬೊಬ್ಬರಿಗೂ ಒಂದೊಂದು ರೆಕಾರ್ಡರ್ ಕೊಟ್ಟು ಊರಿಗೆ ಕಳಿಸುತ್ತಿದ್ದೀರಿ. ಮೊಮ್ಮಕ್ಕಳು ಬರುತ್ತಾರೆಂದು ಎಷ್ಟೋ ಮನೆಗಳಲ್ಲಿ ಈಗಾಗಲೇ ಚಾಪೆ ಹಾಸಿರುತ್ತಾರೆ.

ಅವರನ್ನು ತಡೆಯಿರಿ.

ಇಂತಿ,
ಆಯ್ಕೆ ಪಟ್ಟಿಯಲ್ಲಿ ಮೊದಲ ಹೆಸರಿನವಳು,
ಸೇರದೇ ಉಳಿದವಳು